ಮನೆಯ ವ್ಯಾಯಾಮಕ್ಕೆ ಕೆಟಲ್‌ಬೆಲ್: ಯಾವ ತೂಕ, ಎಂಥ ಹಿಡಿ, ಎಷ್ಟು ಕೊಳ್ಳಬೇಕು?

ಸಂಜೆನಡಿಗೆ (ವಿಜಯನಗರ)

ಎಲ್ಲರಿಗೂ ನಮಸ್ಕಾರ. ನಾವು ವಿಜಯನಗರದಲ್ಲಿ ಮೊದಲನೇ ಮಹಡಿಯ ಬಾಡಿಗೆ ಮನೆಯಲ್ಲಿದ್ದೇವೆ. ಕೆಳಗೆ ಮಾಲೀಕರ ಕುಟುಂಬ ವಾಸವಾಗಿದೆ. ನನಗೆ 36 ವರ್ಷ, ನಮ್ಮ ಯಜಮಾನರಿಗೆ 41, ಜೊತೆಯಲ್ಲಿರುವ ಅತ್ತೆಯವರಿಗೆ 63. ನಮ್ಮಿಬ್ಬರದೂ ದಿನವಿಡೀ ಕಂಪ್ಯೂಟರ್ ಮುಂದೆ ಕೂತು ಮಾಡುವ ಕೆಲಸ. ಟ್ರಾಫಿಕ್ ದಾಟಿ ಮನೆ ಸೇರುವ ಹೊತ್ತಿಗೆ ಜಿಮ್‌ಗೆ ಹೋಗುವ ಉತ್ಸಾಹವೂ ಸಮಯವೂ ಉಳಿದಿರುವುದಿಲ್ಲವಾದ್ದರಿಂದ, ಮನೆಯಲ್ಲೇ ಸ್ವಲ್ಪ ಜಾಗದಲ್ಲಿ ಮಾಡಬಹುದಾದ ವ್ಯಾಯಾಮಕ್ಕೆ ಕೆಟಲ್‌ಬೆಲ್ (ಮೇಲೆ ಹಿಡಿಯಿರುವ ಭಾರದ ಗುಂಡು) ಕೊಳ್ಳೋಣವೆಂದು ತೀರ್ಮಾನಿಸಿದ್ದೇವೆ.

ಅಂಗಡಿಯೊಂದರಲ್ಲಿ ವಿಚಾರಿಸಿದಾಗ, ಹೊಸಬರಿಗೆ 4, 6 ಮತ್ತು 8 ಕೆ.ಜಿ.ಯ ಬಣ್ಣದ ವಿನೈಲ್ (ಪ್ಲಾಸ್ಟಿಕ್) ಹೊದಿಕೆಯ ಸೆಟ್ ಸಾಕು, ಮೂವರೂ ಬಳಸಬಹುದು ಎಂದು ಹೇಳಿದರು. ಬೆಲೆಯೂ ಕಡಿಮೆಯೇ. ಆದರೆ ಅಂತರ್ಜಾಲದಲ್ಲಿ ಓದಿದಾಗ ಎರಕದ ಕಬ್ಬಿಣದ್ದು, ಸ್ಪರ್ಧಾ ಮಾದರಿಯ ಉಕ್ಕಿನದು, ತೂಕ ಬದಲಿಸಬಹುದಾದದ್ದು ಎಂದೆಲ್ಲ ಬಗೆಗಳಿರುವುದು ತಿಳಿದು ಗೊಂದಲವಾಗಿದೆ. ಒಮ್ಮೆ ಕೊಂಡ ಮೇಲೆ ಇಷ್ಟು ಭಾರದ ವಸ್ತುವನ್ನು ಹಿಂದಿರುಗಿಸುವುದು ಸುಲಭವಲ್ಲ. ಅನುಭವವಿರುವವರು ದಯವಿಟ್ಟು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.

ತಾರಸಿ ತಾಲೀಮು (ಬಸವನಗುಡಿ)

ನಮಸ್ಕಾರ ಮೇಡಂ. ಆ ಸೆಟ್ಟನ್ನು ಈಗಲೇ ಕೊಳ್ಳಬೇಡಿ. ಕಾರಣವನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ.

ಕೆಟಲ್‌ಬೆಲ್‌ನ ತೂಕವನ್ನು ಎತ್ತುವವರ ಬಲ ನೋಡಿ ಮಾತ್ರ ನಿರ್ಧರಿಸಿದರೆ ಸಾಲದು, ಅದರಿಂದ ಯಾವ ಚಲನೆ ಮಾಡಬೇಕೆಂದಿದ್ದೀರಿ ಎಂಬುದನ್ನು ಮೊದಲು ನೋಡಬೇಕು. ಈ ಸಾಧನದ ಮುಖ್ಯ ವ್ಯಾಯಾಮವಾದ ಸ್ವಿಂಗ್‌ನಲ್ಲಿ ಭಾರವನ್ನು ಕೈಯಿಂದ ಎತ್ತುವುದಿಲ್ಲ. ಸೊಂಟವನ್ನು ಹಿಂದಕ್ಕೆ ಮಡಿಸಿ, ಭಾರವನ್ನು ಎರಡು ಕಾಲುಗಳ ನಡುವೆ ಹಿಂದಕ್ಕೆ ಬಿಟ್ಟು, ನಿತಂಬ ಮತ್ತು ತೊಡೆಯ ಹಿಂಭಾಗದ ಸ್ನಾಯುಗಳನ್ನು ಥಟ್ಟನೆ ಬಿಗಿದು ನೇರ ನಿಂತಾಗ ಅದು ತಾನಾಗಿ ಎದೆಯ ಮಟ್ಟಕ್ಕೆ ತೇಲಿ ಬರಬೇಕು. ಕೈಗಳ ಕೆಲಸ ಹಿಡಿದಿರುವುದಷ್ಟೇ. ಭಾರ 4 ಅಥವಾ 6 ಕೆ.ಜಿ. ಇದ್ದರೆ ಭುಜವೇ ಅದನ್ನು ಸಲೀಸಾಗಿ ಮೇಲೆತ್ತಿಬಿಡುತ್ತದೆ. ಸೊಂಟಕ್ಕೆ ಕೆಲಸವೇ ಬೀಳುವುದಿಲ್ಲ, ಹಾಗಾಗಿ ದೇಹ ಸರಿಯಾದ ಕ್ರಮವನ್ನು ಕಲಿಯುವುದೂ ಇಲ್ಲ. ಹಗುರವಾದದ್ದು ಹೊಸಬರಿಗೆ ಸುರಕ್ಷಿತ ಎಂಬ ಮಾತು ಸ್ವಿಂಗ್‌ನ ಮಟ್ಟಿಗೆ ಪೂರ್ತಿ ಸರಿಯಲ್ಲ.

ಇದಕ್ಕೆ ವ್ಯತಿರಿಕ್ತವಾಗಿ, ಒಂದು ಕೈಯಿಂದ ತಲೆಯ ಮೇಲಕ್ಕೆ ಎತ್ತುವ ಪ್ರೆಸ್, ಮಲಗಿದಲ್ಲಿಂದ ಭಾರ ಹಿಡಿದೇ ಎದ್ದು ನಿಲ್ಲುವ ಟರ್ಕಿಷ್ ಗೆಟ್‌ಅಪ್ ಇವುಗಳಲ್ಲಿ ಭುಜದ ಸಣ್ಣ ಸ್ನಾಯುಗಳು ದುಡಿಯುತ್ತವೆ. ಅಲ್ಲಿ ಹಗುರವಾದದ್ದೇ ಬೇಕು. ಆದ್ದರಿಂದ ಒಬ್ಬರೇ ವ್ಯಕ್ತಿಗೂ ಎರಡು ತೂಕಗಳು ಬೇಕಾಗುವುದು ಸಹಜ: ಸ್ವಿಂಗ್, ನೆಲದಿಂದ ಭಾರ ಎತ್ತಿ ನಿಲ್ಲುವ ಡೆಡ್‌ಲಿಫ್ಟ್, ಭಾರವನ್ನು ಎದೆಯ ಬಳಿ ಹಿಡಿದು ಕುಕ್ಕರಿಸಿ ಏಳುವ ಗೋಬ್ಲೆಟ್ ಸ್ಕ್ವಾಟ್‌ಗಳಿಗೆ ಒಂದು, ತಲೆಯ ಮೇಲಿನ ಚಲನೆಗಳಿಗೆ ಅದಕ್ಕಿಂತ ಕಡಿಮೆಯದು ಇನ್ನೊಂದು.

ಆರೋಗ್ಯವಂತರಾದ, ಹಿಂದೆ ಭಾರದ ವ್ಯಾಯಾಮ ಮಾಡದ ಮಹಿಳೆಯರು ಸಾಮಾನ್ಯವಾಗಿ ಸ್ವಿಂಗ್‌ಗೆ 12, ಪ್ರೆಸ್‌ಗೆ 8 ಕೆ.ಜಿ.ಯಿಂದ ಆರಂಭಿಸಬಹುದು. ಪುರುಷರು ಸ್ವಿಂಗ್‌ಗೆ 16, ಪ್ರೆಸ್ ಕಷ್ಟವಾದರೆ 12. ಹೀಗೆ ನೋಡಿದರೆ 8, 12, 16 ಈ ಮೂರು ನಿಮ್ಮ ಮನೆಗೆ ಸರಿಯಾಗಿ ಹೊಂದುತ್ತವೆ. ನಿಮ್ಮ ಸ್ವಿಂಗ್‌ನ 12 ಯಜಮಾನರ ಪ್ರೆಸ್‌ಗೆ ಆಗುತ್ತದೆ; ನಿಮ್ಮ ಪ್ರೆಸ್‌ನ 8 ಅತ್ತೆಯವರಿಗೆ ಆಗುತ್ತದೆ; ಮುಂದೊಂದು ದಿನ ಯಜಮಾನರ 16 ನಿಮ್ಮ ಸ್ವಿಂಗ್‌ಗೆ ಬರುತ್ತದೆ. ಯಾವುದೂ ಮೂಲೆಗೆ ಬೀಳುವುದಿಲ್ಲ.

ತೂಕಗಳ ನಡುವಿನ ಅಂತರದ ಬಗ್ಗೆಯೂ ಒಂದು ಮಾತು. 4 ಕೆ.ಜಿ.ಯ ಹೆಜ್ಜೆ ಎಲ್ಲ ಕಡೆಯೂ ಒಂದೇ ರೀತಿ ಕಾಣುತ್ತದೆ. ಆದರೆ 20ರಿಂದ 24ಕ್ಕೆ ಏರುವುದು ಶೇ. 20ರ ಏರಿಕೆ, 8ರಿಂದ 12ಕ್ಕೆ ಏರುವುದು ಶೇ. 50ರ ಏರಿಕೆ. ಸ್ವಿಂಗ್‌ನಲ್ಲಿ ಇದನ್ನು ದಾಟಿಬಿಡಬಹುದು, ಪ್ರೆಸ್‌ನಲ್ಲಿ ಬಹಳ ಜನ ಇಲ್ಲಿಯೇ ನಿಂತುಬಿಡುತ್ತಾರೆ. ಮುಂದೆ ನಿಮಗೆ ನಾಲ್ಕನೆಯದು ಬೇಕೆನಿಸಿದರೆ ಅದು ಬಹುಶಃ 20 ಆಗಿರುವುದಿಲ್ಲ, 10 ಆಗಿರುತ್ತದೆ.

ಈ 16ರ ಲೆಕ್ಕ ಎಲ್ಲಿಂದ ಬಂತೆಂದು ಕೆಲವರು ಕೇಳುವುದುಂಟು. ರಷ್ಯಾದ ಹಳೆಯ ತೂಕದ ಮಾನವಾದ ಪೂಡ್ ಎಂದರೆ ಸುಮಾರು 16.38 ಕೆ.ಜಿ. ಒಂದು, ಒಂದೂವರೆ, ಎರಡು ಪೂಡ್‌ಗಳೇ ಇಂದಿನ 16, 24, 32 ಆಗಿವೆ.

ಎರಕದ ಕೆಲಸ (ಪೀಣ್ಯ)

ತೂಕದ ಬಗ್ಗೆ ಮೇಲಿನವರು ಸರಿಯಾಗಿ ಹೇಳಿದ್ದಾರೆ. ನನ್ನ ಉದ್ಯೋಗ ಫೌಂಡ್ರಿಯಲ್ಲಿ. ಕೆಟಲ್‌ಬೆಲ್ ಎರಕ ನಾವು ಮಾಡುವುದಿಲ್ಲ, ಆದರೆ ಬೀಡಿನ, ಅಂದರೆ ಎರಕದ ಕಬ್ಬಿಣದ, ಎರಕ ಹೇಗೆ ಕೆಡುತ್ತದೆ ಎಂಬುದು ದಿನವೂ ಕಣ್ಣೆದುರು ಇರುತ್ತದೆ. ಕೊಳ್ಳುವವರು ಅಂಗಡಿಯಲ್ಲೇ ನಿಂತು ಪರೀಕ್ಷಿಸಬಹುದಾದ ಸಂಗತಿಗಳನ್ನು ಹೇಳುತ್ತೇನೆ. ನನ್ನ ಅಭಿಪ್ರಾಯದಲ್ಲಿ ಬಣ್ಣ, ಲೇಪನ, ಬ್ರ್ಯಾಂಡ್ ಎಲ್ಲಕ್ಕಿಂತ ಮುಂಚೆ ನೋಡಬೇಕಾದದ್ದು ಹಿಡಿ.

ಎರಕದ ಅಚ್ಚು ಎರಡು ಭಾಗಗಳಲ್ಲಿರುತ್ತದೆ. ಅವೆರಡೂ ಕೂಡುವ ಗೆರೆಯಲ್ಲಿ ಕರಗಿದ ಲೋಹ ಸ್ವಲ್ಪ ಹೊರಕ್ಕೆ ಜಿನುಗಿ ತೆಳ್ಳನೆಯ ಏಣಾಗಿ ನಿಲ್ಲುತ್ತದೆ. ಒಳ್ಳೆಯ ತಯಾರಕರು ಅದನ್ನು ಪೂರ್ತಿ ಉಜ್ಜಿ ನಯ ಮಾಡುತ್ತಾರೆ. ಅವಸರದಲ್ಲಿ ಮಾಡುವವರು ಕಣ್ಣಿಗೆ ಕಾಣುವ ಮೇಲ್ಭಾಗವನ್ನು ಉಜ್ಜಿ, ಹಿಡಿಯ ಕೆಳಗಿನ, ಅಂದರೆ ಗುಂಡಿನ ಕಡೆಗೆ ಮುಖ ಮಾಡಿದ ಭಾಗವನ್ನು ಹಾಗೆಯೇ ಬಿಟ್ಟು ಬಣ್ಣ ಹೊಡೆದುಬಿಡುತ್ತಾರೆ. ನಿಮ್ಮ ಬೆರಳುಗಳು ಸುತ್ತುವುದು ಅಲ್ಲಿಯೇ. ಹಿಡಿ ಕೈಯೊಳಗೆ ತಿರುಗಿದಾಗಲೆಲ್ಲ ಆ ಏಣು ಅದೇ ಜಾಗದ ಚರ್ಮವನ್ನು ಕೊಯ್ಯುತ್ತದೆ. ಪರೀಕ್ಷಿಸುವ ವಿಧಾನ ಸರಳ: ಹಳೆಯ ತೆಳು ಹತ್ತಿ ಬಟ್ಟೆಯನ್ನೋ ದುಪಟ್ಟಾದ ಅಂಚನ್ನೋ ಹಿಡಿಯ ಸುತ್ತ ಹಾಕಿ, ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ, ಅದರಲ್ಲೂ ಹಿಡಿ ಗುಂಡಿಗೆ ಕೂಡುವ ಎರಡೂ ಮೂಲೆಗಳಲ್ಲಿ, ನಿಧಾನವಾಗಿ ಎಳೆಯಿರಿ. ನೂಲು ಎಲ್ಲಿ ಸಿಕ್ಕಿಕೊಳ್ಳುತ್ತದೆಯೋ ಅಲ್ಲಿ ಅಂಗೈಯೂ ಸಿಕ್ಕಿಕೊಳ್ಳುತ್ತದೆ. ಸಣ್ಣ ಒರಟಾದರೆ ಮನೆಯಲ್ಲಿ ಅರದಿಂದ ತಿಕ್ಕಿ, ಉಪ್ಪುಕಾಗದದಿಂದ ನಯ ಮಾಡಿಕೊಳ್ಳಬಹುದು. ಉಗುರಿಗೆ ಎದ್ದು ಸಿಗುವಷ್ಟು ಇದ್ದರೆ ಆ ಕೆಟಲ್‌ಬೆಲ್ ಬೇಡ.

ಎರಡನೆಯದಾಗಿ, ಹಿಡಿ ಮತ್ತು ಗುಂಡು ಒಂದೇ ಎರಕದಲ್ಲಿ ಆಗಿರಬೇಕು. ಹಿಡಿಯನ್ನು ಬೇರೆ ಮಾಡಿ ಬೆಸೆದಿದ್ದರೆ ಕೂಡುವ ಜಾಗದಲ್ಲಿ ಬೆಸುಗೆಯ ಉಬ್ಬು ಕಾಣುತ್ತದೆ. ಬೀಡನ್ನು ಬೆಸೆಯುವುದು ನುರಿತವರಿಗೂ ಸುಲಭದ ಕೆಲಸವಲ್ಲ. ಬೆಸುಗೆಯ ಪಕ್ಕದಲ್ಲೇ ಬಿರುಕು ಬಿಡುವ ಸ್ವಭಾವ ಅದಕ್ಕಿದೆ. ಉಕ್ಕಿನಲ್ಲಿ ಬೆಸುಗೆ ಗಟ್ಟಿಯಾಗಿ ಕೂರುತ್ತದೆ, ಆದರೂ ಎಲ್ಲಿಯೋ ತಯಾರಾದ ಅಗ್ಗದ ವಸ್ತುವಿನ ಬೆಸುಗೆಯನ್ನು ನಂಬಿ ತಲೆಯ ಮೇಲೆ 16 ಕೆ.ಜಿ. ಹಿಡಿಯಿರಿ ಎಂದು ನಾನು ಯಾರಿಗೂ ಹೇಳಲಾರೆ. ದಪ್ಪ ವಿನೈಲ್ ಹೊದಿಕೆ ಇದ್ದರೆ ಈ ಬೆಸುಗೆಯೂ ಕಾಣುವುದಿಲ್ಲ, ಎರಕದ ರಂಧ್ರಗಳೂ ಕಾಣುವುದಿಲ್ಲ. ವಿನೈಲ್ ಬಗ್ಗೆ ನನಗಿರುವ ಮುಖ್ಯ ಆಕ್ಷೇಪ ಇದೇ.

ಮೂರನೆಯದು ಒಳಗೆ ತುಂಬಿರುವುದೇನು, ಬೀಡೋ ಸಿಮೆಂಟು ಕಾಂಕ್ರೀಟೋ ಎಂಬುದು. ಬೀಡಿನ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 7.2 ಗ್ರಾಂ, ಕಾಂಕ್ರೀಟಿನದು ಸುಮಾರು 2.4 ಗ್ರಾಂ, ಅಂದರೆ ಮೂರನೆಯ ಒಂದು ಭಾಗ. ಹಿಡಿಯನ್ನು ಲೆಕ್ಕಕ್ಕೆ ಹಿಡಿಯದೆ ನೋಡಿದರೆ 16 ಕೆ.ಜಿ.ಯ ಗಟ್ಟಿ ಬೀಡಿನ ಗುಂಡಿನ ವ್ಯಾಸ ಸುಮಾರು 16 ಸೆಂ.ಮೀ. ಆಗುತ್ತದೆ, ಅದೇ ತೂಕದ ಸಿಮೆಂಟು ತುಂಬಿದ ಗುಂಡು 23 ಸೆಂ.ಮೀ. ದಾಟುತ್ತದೆ. ಅಷ್ಟು ದಪ್ಪದ್ದು ಕಾಲುಗಳ ನಡುವೆ ಸಲೀಸಾಗಿ ಹೋಗುವುದಿಲ್ಲ, ಮುಂಗೈಯ ಮೇಲೂ ಸರಿಯಾಗಿ ಕೂರುವುದಿಲ್ಲ. ಪ್ಲಾಸ್ಟಿಕ್ ಚಿಪ್ಪು ಒಮ್ಮೆ ಬಿರುಕು ಬಿಟ್ಟರೆ ಸಿಮೆಂಟಿನ ಪುಡಿ ನೆಲಕ್ಕೆ ಉದುರಲಾರಂಭಿಸುತ್ತದೆ.

ಕೊನೆಯದಾಗಿ, ತಳವನ್ನು ಸಮತಟ್ಟಾದ ನೆಲದ ಮೇಲಿಟ್ಟು ಹಿಡಿಯನ್ನು ಅಲುಗಾಡಿಸಿ ನೋಡಿ, ಕುಲುಕಬಾರದು. ತೂಕವನ್ನು ಅಂಗಡಿಯ ತಕ್ಕಡಿಯಲ್ಲೇ ಹಾಕಿಸಿ. ಅಲ್ಲಿ ಇಲ್ಲದಿದ್ದರೆ ಪಕ್ಕದ ಗುಜರಿ ಅಂಗಡಿಯವರು ಬೇಡವೆನ್ನುವುದಿಲ್ಲ.

ಹತ್ತು ನಿಮಿಷ (ಜಯನಗರ)

ಎರಕದವರ ವಿವರಣೆ ಬಹಳ ಉಪಯುಕ್ತವಾಗಿದೆ. ಅದಕ್ಕೆ ಪೂರಕವಾಗಿ ಸ್ಪರ್ಧಾ ಮಾದರಿಯ ಪರವಾಗಿ ಬರೆಯುತ್ತಿದ್ದೇನೆ, ಏಕೆಂದರೆ ದೀರ್ಘಕಾಲ ಅಭ್ಯಾಸ ಮಾಡುವ ಉದ್ದೇಶವಿರುವವರಿಗೆ ಅದೇ ಸರಿಯೆಂಬುದು ನನ್ನ ದೃಢ ನಂಬಿಕೆ.

ಎರಕದ ಮಾದರಿಯಲ್ಲಿ ತೂಕ ಹೆಚ್ಚಿದಂತೆ ಗುಂಡೂ ಹಿಡಿಯೂ ದಪ್ಪವಾಗುತ್ತ ಹೋಗುತ್ತವೆ. ಸ್ಪರ್ಧಾ ಮಾದರಿಯಲ್ಲಿ 8 ಕೆ.ಜಿ.ಯದೂ 32 ಕೆ.ಜಿ.ಯದೂ ಹೊರ ಅಳತೆಯಲ್ಲಿ ಒಂದೇ: ಗುಂಡಿನ ವ್ಯಾಸ ಸುಮಾರು 21 ಸೆಂ.ಮೀ., ಎತ್ತರ ಸುಮಾರು 28 ಸೆಂ.ಮೀ., ಹಿಡಿಯ ದಪ್ಪ 33 ಅಥವಾ 35 ಮಿ.ಮೀ. ಹಗುರವಾದವುಗಳ ಒಳಗೆ ಟೊಳ್ಳು ಹೆಚ್ಚಿರುತ್ತದೆ, ಅಷ್ಟೇ. ತೂಕ ಬದಲಾದರೂ ಅಳತೆ ಬದಲಾಗುವುದಿಲ್ಲವಾದ್ದರಿಂದ, ಭುಜದ ಬಳಿ ಹಿಡಿಯುವಾಗ ಗುಂಡು ಮುಂಗೈಯ ಅದೇ ಜಾಗದಲ್ಲಿ, ಮಣಿಕಟ್ಟಿನ ಮೂಳೆಗೆ ತಾಗದಂತೆ ಸ್ವಲ್ಪ ಕೆಳಗೆ ಕೂರುತ್ತದೆ; ಒಮ್ಮೆ ಕಲಿತ ಚಲನೆಯನ್ನು ಹೊಸ ತೂಕಕ್ಕಾಗಿ ಮತ್ತೆ ತಿದ್ದಿಕೊಳ್ಳಬೇಕಿಲ್ಲ. ಸಣ್ಣ ಎರಕದ ಕೆಟಲ್‌ಬೆಲ್‌ಗಳಲ್ಲಿ ಗುಂಡು ನೇರ ಮಣಿಕಟ್ಟಿನ ಮೇಲೆಯೇ ಬಂದು ಬಡಿಯುವುದರಿಂದ ಹೊಸಬರ ಮುಂಗೈ ಕಂದುಗಟ್ಟುವುದು ಸಾಮಾನ್ಯ.

ಬಣ್ಣದ ಸಂಕೇತವೂ ಇದೆ: 8 ಗುಲಾಬಿ, 12 ನೀಲಿ, 16 ಹಳದಿ, 20 ನೇರಳೆ, 24 ಹಸಿರು, 28 ಕಿತ್ತಳೆ, 32 ಕೆಂಪು. ಕೆಟಲ್‌ಬೆಲ್ ಸ್ಪರ್ಧೆಗಳಲ್ಲಿ 10 ನಿಮಿಷ ಕೆಳಗಿಡದೆ ಎತ್ತಬೇಕಾಗುತ್ತದೆ. ಆ ಅಗತ್ಯದಿಂದಲೇ ಈ ಅಳತೆಗಳು ರೂಪುಗೊಂಡಿವೆ. ಹಿಡಿಗೆ ಬಣ್ಣವಾಗಲಿ ಲೇಪನವಾಗಲಿ ಇರುವುದಿಲ್ಲ. ಬೆವರಿದಾಗ ಮೆಗ್ನೀಸಿಯಂ ಕಾರ್ಬೋನೇಟ್ ಪುಡಿಯನ್ನು ತೆಳುವಾಗಿ ಸವರಿಕೊಂಡರೆ ಹಿಡಿತ ನಿಲ್ಲುತ್ತದೆ. ಕೊಳ್ಳುವಾಗ ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿ ನೋಡಿ. ಕೆಲವು ತಯಾರಕರು ತೂಕ ಹೊಂದಿಸಲು ಒಳಗೆ ತುಂಬಿದ್ದು ಸಡಿಲಗೊಂಡು ಗಲಗಲ ಸದ್ದು ಮಾಡುತ್ತಿರುತ್ತದೆ. ಬೆಲೆ ಹೆಚ್ಚೆಂಬುದು ನಿಜ, ಆದರೆ ಇದು ಮೊಮ್ಮಕ್ಕಳ ಕಾಲಕ್ಕೂ ಸವೆಯದ ವಸ್ತು.

ಸಂಜೆನಡಿಗೆ (ವಿಜಯನಗರ)

ಎಲ್ಲರಿಗೂ ಧನ್ಯವಾದಗಳು. ಇಷ್ಟು ವಿವರ ಸಿಗುತ್ತದೆಂದು ಎಣಿಸಿರಲಿಲ್ಲ. ನನ್ನದು ಸಣ್ಣ ಕೈ, ಎತ್ತರ 5 ಅಡಿ 1 ಅಂಗುಲ. ಹಾಗಿರುವಾಗ ಸ್ಪರ್ಧಾ ಮಾದರಿ ನನಗೆ ದೊಡ್ಡದಾಗುವುದಿಲ್ಲವೇ? ಮೂರು ಪ್ರತ್ಯೇಕ ತೂಕಗಳ ಬದಲು, ತೂಕ ಬದಲಿಸಬಹುದಾದ ಒಂದನ್ನೇ ಕೊಂಡರೆ ಹೇಗೆ? ಅತ್ತೆಯವರಿಗೆ ರಕ್ತದೊತ್ತಡಕ್ಕೆ ಮಾತ್ರೆ ನಡೆಯುತ್ತಿದೆ, ಅವರು ಮಾಡಬಹುದೇ?

ತಾರಸಿ ತಾಲೀಮು (ಬಸವನಗುಡಿ)

ಜಯನಗರದವರ ವಾದವನ್ನು ಗೌರವಿಸುತ್ತಲೇ, ಈ ಮನೆಯ ಮಟ್ಟಿಗೆ ನಾನು ಒಪ್ಪುವುದಿಲ್ಲ. ಹೊಸಬರು ಮೊದಲ ತಿಂಗಳುಗಳಲ್ಲಿ ಮಾಡುವುದು ಹೆಚ್ಚಾಗಿ ಎರಡು ಕೈಯ ಸ್ವಿಂಗ್. ಸ್ಪರ್ಧಾ ಮಾದರಿಯ ಹಿಡಿ ಒಂದು ಕೈಗಾಗಿ ಮಾಡಿದ್ದು. ಎರಡೂ ಕೈ ಹಾಕಿದರೆ ಕಿರುಬೆರಳುಗಳು ಹಿಡಿಯಿಂದ ಗುಂಡಿಗೆ ಇಳಿಯುವ ಪಕ್ಕದ ಕೊಂಬುಗಳಿಗೆ ಒತ್ತಿಕೊಳ್ಳುತ್ತವೆ. ಯಜಮಾನರ ಕೈ ಅಗಲವಿದ್ದರೆ ಅವರಿಗೆ ಇನ್ನೂ ಕಷ್ಟ. ಎತ್ತರ ಕಡಿಮೆ ಇರುವವರಿಗೆ 21 ಸೆಂ.ಮೀ.ಯ ಗುಂಡನ್ನು ಕಾಲುಗಳ ನಡುವೆ ಸಾಗಿಸಲು ಪಾದಗಳನ್ನು ಅತಿಯಾಗಿ ಅಗಲಿಸಬೇಕಾಗುತ್ತದೆ. ಆಗ ಸೊಂಟ ಮಡಿಸುವ ಬದಲು ಮಂಡಿ ಮಡಿಸುವ ಅಭ್ಯಾಸವಾಗುತ್ತದೆ. 12 ಕೆ.ಜಿ.ಯ ಎರಕದ ಗುಂಡು ಅದಕ್ಕಿಂತ ಎಷ್ಟೋ ಚಿಕ್ಕದು. ಒಂದೇ ಎರಕದ, ಪೌಡರ್ ಕೋಟಿಂಗ್ (ಪುಡಿಬಣ್ಣವನ್ನು ಕಾಯಿಸಿ ಅಂಟಿಸಿದ ಲೇಪನ) ಇರುವ, ಹಿಡಿಯ ಒಳ ಅಗಲದಲ್ಲಿ ಎರಡೂ ಕೈ ಒತ್ತಡವಿಲ್ಲದೆ ಕೂರುವ ಬೀಡಿನ ಕೆಟಲ್‌ಬೆಲ್‌ಗಳನ್ನೇ ಆರಿಸಿಕೊಳ್ಳಿ. ಪೌಡರ್ ಕೋಟಿಂಗ್‌ನ ಸಣ್ಣ ಒರಟುತನ ಹಿಡಿತಕ್ಕೂ ಒಳ್ಳೆಯದು. ಥಳಥಳಿಸುವ ಕ್ರೋಮ್ ಹಿಡಿ ಬೆವರಿಗೆ ಜಾರುತ್ತದೆ, ಅದು ಬೇಡ.

ಹಿಡಿಯ ದಪ್ಪಕ್ಕೆ ನಾನು ಬಳಸುವ ಪರೀಕ್ಷೆ ಇದು: ಹಿಡಿಯನ್ನು ಬೆರಳುಗಳ ಬುಡದಲ್ಲಿ ಹಿಡಿದಾಗ ಹೆಬ್ಬೆರಳ ತುದಿ ತೋರುಬೆರಳಿನ ಉಗುರನ್ನಾದರೂ ಮುಟ್ಟಬೇಕು. ಮುಟ್ಟದಿದ್ದರೆ ಸೊಂಟ ದಣಿಯುವ ಮೊದಲೇ ಮುಂಗೈ ಸೋಲುತ್ತದೆ.

ತೂಕ ಬದಲಿಸಬಹುದಾದವುಗಳಲ್ಲಿ ಎರಡು ಬಗೆ. ಹೊರಗಡೆ ತಟ್ಟೆಗಳಿದ್ದು ಗುಬುಟು ತಿರುಗಿಸಿ ತೂಕ ಬದಲಿಸುವುದು ಒಂದು. ಅದರ ಆಕಾರ ಪೆಟ್ಟಿಗೆಯಂತಿದ್ದು ಮುಂಗೈಯ ಮೇಲೆ ಕೂರುವುದಿಲ್ಲ, ಪ್ರೆಸ್ ಮಾಡುವಾಗ ನೋಯಿಸುತ್ತದೆ. ಸ್ಪರ್ಧಾ ಮಾದರಿಯ ಚಿಪ್ಪಿನೊಳಗೆ ತಟ್ಟೆಗಳನ್ನು ಬಿಗಿಯುವುದು ಇನ್ನೊಂದು. ಇದು ನಿಜಕ್ಕೂ ಒಳ್ಳೆಯ ಸಾಧನ, ಹಲವು ಮಾದರಿಗಳು 12ರಿಂದ 32 ಕೆ.ಜಿ.ಯವರೆಗೆ ಹೋಗುತ್ತವೆ. ಒಬ್ಬರೇ ಇರುವ ಮನೆಗೆ, ಜಾಗವಿಲ್ಲದವರಿಗೆ ಅದನ್ನು ಹೇಳುತ್ತೇನೆ. ನಿಮ್ಮಲ್ಲಿ ಮೂವರು ಬಳಸುವವರಿದ್ದೀರಿ. ಒಬ್ಬರ ನಂತರ ಒಬ್ಬರು ಬೋಲ್ಟ್ ಬಿಚ್ಚಿ ತಟ್ಟೆ ತೆಗೆದು ಮತ್ತೆ ಬಿಗಿಯುವುದು ಎರಡು ವಾರ ನಡೆಯುತ್ತದೆ, ಆಮೇಲೆ ನಿಂತುಹೋಗುತ್ತದೆ. ಮೇಲಾಗಿ ಅದರ ಕನಿಷ್ಠ ತೂಕವೇ ಅತ್ತೆಯವರಿಗೆ ಹೆಚ್ಚು.

ಬೆನ್ನು ಮತ್ತು ಭುಜ (ರಾಜಾಜಿನಗರ)

ನಾನು ಫಿಸಿಯೋಥೆರಪಿಸ್ಟ್. ಅತ್ತೆಯವರ ಪ್ರಶ್ನೆಗೆ ಉತ್ತರಿಸುತ್ತೇನೆ.

ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುವವರು ಭಾರದ ವ್ಯಾಯಾಮ ಮಾಡಲೇಬಾರದು ಎಂದೇನಿಲ್ಲ. ಆದರೆ ಆರಂಭಿಸುವ ಮೊದಲು ಅವರ ವೈದ್ಯರನ್ನು ಕೇಳಲೇಬೇಕು, ಒತ್ತಡ ಹತೋಟಿಯಲ್ಲಿರಬೇಕು. ಉಸಿರು ಬಿಗಿಹಿಡಿದು ಎತ್ತಿದಾಗ ರಕ್ತದೊತ್ತಡ ಒಮ್ಮೆಲೇ ಏರುತ್ತದೆ. ಹಾಗಾಗಿ ಎತ್ತುವಾಗ ಬಾಯಿಂದ ಉಸಿರು ಬಿಡುವುದನ್ನು ಅವರಿಗೆ ಮೊದಲು ಅಭ್ಯಾಸ ಮಾಡಿಸಿ. ಸ್ವಿಂಗ್ ಅವರಿಗೆ ಸದ್ಯಕ್ಕೆ ಬೇಡ. 8 ಕೆ.ಜಿ.ಯದನ್ನು ಗಟ್ಟಿಯಾದ ಮಣೆ ಅಥವಾ ಗಿಡ್ಡ ಸ್ಟೂಲಿನ ಮೇಲಿಟ್ಟು, ಬೆನ್ನು ನೇರವಾಗಿಟ್ಟುಕೊಂಡು ಸೊಂಟ ಮಡಿಸಿ ಎತ್ತುವುದು. ಒಂದು ಕೈಯಲ್ಲಿ ಹಿಡಿದು ಹಾಲ್‌ನ ಉದ್ದಕ್ಕೆ ನಡೆಯುವುದು. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು: ಇಷ್ಟು ಸಾಕು. ತುಂಬಿದ ಬಿಂದಿಗೆಯನ್ನು ಬಾವಿಕಟ್ಟೆಯಿಂದ ಎತ್ತಿ ಸೊಂಟಕ್ಕಿಟ್ಟುಕೊಂಡು ನಡೆದ ತಲೆಮಾರಿಗೆ ಈ ಚಲನೆಗಳನ್ನು ಹೇಳಿಕೊಡುವುದು ಕಷ್ಟವಲ್ಲ ಎಂಬುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಬೆನ್ನುನೋವಿನ ಬಗ್ಗೆಯೂ ಇಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. 2011ರಲ್ಲಿ ಡೆನ್ಮಾರ್ಕಿನ ಸಂಶೋಧಕರು 40 ಮಂದಿ ಉದ್ಯೋಗಿಗಳ ಮೇಲೆ ನಡೆಸಿದ ಅಧ್ಯಯನ ಪ್ರಕಟವಾಯಿತು. 8 ವಾರಗಳ ಕಾಲ ವಾರಕ್ಕೆ ಮೂರು ಬಾರಿ, ಪ್ರತಿ ಬಾರಿ 20 ನಿಮಿಷ ಕೆಟಲ್‌ಬೆಲ್ ಅಭ್ಯಾಸ ಮಾಡಿದ ಗುಂಪಿನಲ್ಲಿ ಕತ್ತು, ಭುಜ ಮತ್ತು ಕೆಳಬೆನ್ನಿನ ನೋವು ಕಡಿಮೆಯಾಗಿತ್ತು. ಬೆನ್ನಿನ ಸ್ನಾಯುಬಲ ಹೆಚ್ಚಿತ್ತು. ಹೃದಯ ಮತ್ತು ಶ್ವಾಸದ ಸಾಮರ್ಥ್ಯ ಮಾತ್ರ ಗಮನಾರ್ಹವಾಗಿ ಸುಧಾರಿಸಿರಲಿಲ್ಲ. ಆದ್ದರಿಂದ ತಮ್ಮ ಸಂಜೆಯ ನಡಿಗೆಯನ್ನು ಬಿಡಬೇಡಿ. ಕೆನಡಾದ ಸ್ಟುವರ್ಟ್ ಮೆಕ್‌ಗಿಲ್ ಮತ್ತು ಸಹಸಂಶೋಧಕಿ 2012ರಲ್ಲಿ 16 ಕೆ.ಜಿ.ಯ ಸ್ವಿಂಗ್ ಅನ್ನು ಅಳೆದು ನೋಡಿದಾಗ, ಸೊಂಟದ 4ನೇ ಮತ್ತು 5ನೇ ಕಶೇರುಕಗಳ (ಬೆನ್ನುಮೂಳೆಯ ಮಣಿಗಳ) ನಡುವೆ ಜಾರಿಸುವ ಬಲವು ಸಾಮಾನ್ಯವಾಗಿ ನೆಲದಿಂದ ಭಾರ ಎತ್ತುವಾಗ ಇರುವುದಕ್ಕೆ ವಿರುದ್ಧ ದಿಕ್ಕಿನಲ್ಲಿರುವುದು ಕಂಡುಬಂತು. ಸ್ವಿಂಗ್‌ನಿಂದ ಕೆಲವರ ಬೆನ್ನು ಸುಧಾರಿಸಿದರೆ ಇನ್ನು ಕೆಲವರ ನೋವು ಕೆರಳುವುದಕ್ಕೆ ಇದೊಂದು ಕಾರಣವಿರಬಹುದು. ಈಗಾಗಲೇ ಡಿಸ್ಕ್ ತೊಂದರೆ, ಕಾಲಿಗೆ ಹರಿಯುವ ನೋವು ಇರುವವರು ವೇದಿಕೆಯ ಸಲಹೆ ನಂಬಿ ಸ್ವಿಂಗ್ ಆರಂಭಿಸಬಾರದು.

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯಂತೆ ವಯಸ್ಕರು ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಚಟುವಟಿಕೆಯ ಜೊತೆಗೆ, ಕನಿಷ್ಠ ಎರಡು ದಿನ ಸ್ನಾಯುಬಲದ ವ್ಯಾಯಾಮ ಮಾಡಬೇಕು. ನಮ್ಮಲ್ಲಿ ಮೊದಲನೆಯದನ್ನು ಎಲ್ಲರೂ ಕೇಳಿದ್ದಾರೆ, ಎರಡನೆಯದನ್ನು ಹೆಂಗಸರಿಗೆ ಹೇಳುವವರೇ ಇಲ್ಲ. ಅತ್ತೆಯವರನ್ನು ಸೇರಿಸಿಕೊಂಡು ಯೋಚಿಸುತ್ತಿರುವ ನಿಮ್ಮ ಬಗ್ಗೆ ಬಹಳ ಸಂತೋಷವಾಯಿತು.

ಮಹಡಿ ಮನೆ (ಬಿ.ಟಿ.ಎಂ. ಲೇಔಟ್)

ಜಾಗದ ವಿಷಯವನ್ನು ಯಾರೂ ಹೇಳಲಿಲ್ಲ, ಬಾಡಿಗೆ ಮನೆಯವರಿಗೆ ಅದು ಬಹಳ ಮುಖ್ಯ.

ಮೊದಲು ಫ್ಯಾನ್ ನೋಡಿ. ವಾಸದ ಕೋಣೆಯ ಎತ್ತರ ಸಾಮಾನ್ಯವಾಗಿ 9ರಿಂದ 10 ಅಡಿ. 9 ಅಡಿಯ ಕೋಣೆಯಲ್ಲಿ ಫ್ಯಾನಿನ ರೆಕ್ಕೆ ಸುಮಾರು 8 ಅಡಿಯಲ್ಲಿ ಇರುತ್ತದೆ. 5 ಅಡಿ 8 ಅಂಗುಲ ಎತ್ತರದ ಮನುಷ್ಯ ಕೈ ಮೇಲೆತ್ತಿದರೆ ಮುಷ್ಟಿ ಸುಮಾರು 7 ಅಡಿಗೆ ಮುಟ್ಟುತ್ತದೆ. ಪ್ರೆಸ್‌ನಲ್ಲಿ ಗುಂಡು ಮುಂಗೈಯ ಹಿಂದೆ ಇರುವುದರಿಂದ ತೊಂದರೆಯಿಲ್ಲ. ಕಾಲುಗಳ ನಡುವಿನಿಂದ ಒಂದೇ ಬೀಸಿಗೆ ತಲೆಯ ಮೇಲಕ್ಕೆ ಒಯ್ಯುವ ಸ್ನ್ಯಾಚ್‌ನಲ್ಲಿ ಅದು ಮುಷ್ಟಿಯ ಮೇಲಿಂದ ಹೊರಳಿ ಬರುವುದರಿಂದ ಇನ್ನೂ ಮುಕ್ಕಾಲು ಅಡಿ ಬೇಕಾಗುತ್ತದೆ. ಉಳಿಯುವುದು ಮೂರು ಅಂಗುಲ. ಆದ್ದರಿಂದ ಫ್ಯಾನಿನ ಕೆಳಗೆ ಸ್ನ್ಯಾಚ್ ಮಾಡಲೇಬೇಡಿ. ಸ್ವಿಂಗ್ ಮಾಡುವಾಗ ಎದುರಿಗೆ ಟಿ.ವಿ., ಗಾಜಿನ ಬಾಗಿಲು, ಮಗು ಓಡಾಡುವ ದಾರಿ ಇರಬಾರದು.

ಎರಡನೆಯದು ನೆಲ. ವಿಟ್ರಿಫೈಡ್ ಟೈಲ್ಸ್ ಗಟ್ಟಿಯೇ, ಆದರೆ ಕೆಳಗೆ ಸಿಮೆಂಟು ಸರಿಯಾಗಿ ತುಂಬಿರದ ಕಡೆ ಒಂದೇ ಏಟಿಗೆ ಒಡೆಯುತ್ತದೆ. ಅಭ್ಯಾಸಕ್ಕೆ ಆರಿಸಿಕೊಂಡ ಜಾಗದ ಪ್ರತಿ ಟೈಲನ್ನೂ ನಾಣ್ಯದಿಂದ ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ಜಾಗ ಬದಲಿಸಿ. 15ರಿಂದ 20 ಮಿ.ಮೀ. ದಪ್ಪದ ಗಟ್ಟಿ ರಬ್ಬರ್ ಹಾಸು ಹಾಕಬೇಕು. ಯೋಗದ ಚಾಪೆ ಇದಕ್ಕಲ್ಲ. ಮೆತ್ತಗಿರುವುದರಿಂದ ಪಾದವೂ ಅಲುಗುತ್ತದೆ, ಪೆಟ್ಟೂ ತಡೆಯುವುದಿಲ್ಲ. ಬಸವನಗುಡಿ, ಚಾಮರಾಜಪೇಟೆಯ ಹಳೆಯ ಮನೆಗಳ ರೆಡ್ ಆಕ್ಸೈಡ್ ನೆಲದ ಮೇಲೆ ಕಪ್ಪು ರಬ್ಬರನ್ನು ತಿಂಗಳುಗಟ್ಟಲೆ ಬಿಟ್ಟರೆ ಕಲೆಯಾಗುತ್ತದೆ. ನಡುವೆ ಹಳೆಯ ಜಮಖಾನ ಹಾಸಿ, ಬಳಸಿದ ಮೇಲೆ ಸುತ್ತಿಡಿ. ಕೆಳಗಿನ ಮನೆಯವರಿಗೆ ಕೇಳಿಸುವುದು ನೀವು ಮಾಡುವ ವ್ಯಾಯಾಮವಲ್ಲ, ಕೆಳಗಿಡುವ ಏಟು. ಇಡುವಾಗಲೂ ಸೊಂಟ ಮಡಿಸಿ ನಿಧಾನವಾಗಿ ಇಟ್ಟರೆ ಯಾರಿಗೂ ತಿಳಿಯುವುದಿಲ್ಲ.

ಪೇಟೆ ಗರಡಿ (ಚಾಮರಾಜಪೇಟೆ)

ಚರ್ಚೆಯನ್ನು ಆಸಕ್ತಿಯಿಂದ ಓದಿದೆ. ನಮ್ಮ ಗರಡಿಮನೆಗಳಲ್ಲಿ ಗದೆ, ಮುದ್ಗರ, ಕಲ್ಲುಗುಂಡುಗಳಿಂದ ತಾಲೀಮು ನಡೆದು ಬಂದಿದೆ, ಜೆ.ಸಿ. ರಸ್ತೆಯಲ್ಲಿ ಕೆ.ವಿ. ಅಯ್ಯರ್ ಅವರ ವ್ಯಾಯಾಮಶಾಲೆ ಎಷ್ಟೋ ಬೆಂಗಳೂರಿಗರನ್ನು ತಿದ್ದಿದೆ. ಹಿಡಿಯಿಂದ ದೂರದಲ್ಲಿ ಭಾರವಿರುವ ಸಾಧನ ನಮಗೆ ಹೊಸದಲ್ಲ. ಗದೆ ತಿರುಗಿಸಿದವರಿಗೆ ಗೊತ್ತಿರುವಂತೆ ಇಂಥ ಸಾಧನದಲ್ಲಿ ತೂಕಕ್ಕಿಂತ ಹಿಡಿತ ಮುಖ್ಯ. ಅಂಗೈ ಜಡ್ಡುಗಟ್ಟುವುದು ಒಳ್ಳೆಯದೇ, ಆದರೆ ಜಡ್ಡು ಎದ್ದು ನಿಂತರೆ ಹಿಡಿಗೆ ಸಿಕ್ಕಿ ಹರಿದುಹೋಗುತ್ತದೆ. ಸ್ನಾನದ ನಂತರ ಮೆತ್ತಗಾದಾಗ ಕಾಲು ತಿಕ್ಕುವ ಕಲ್ಲಿನಿಂದ ಸಮ ಮಾಡಿ, ರಾತ್ರಿ ಕೊಬ್ಬರಿ ಎಣ್ಣೆ ಸವರಬೇಕು. ಕೈಗವಸು ಬೇಡ, ಅದು ಹಿಡಿಯ ದಪ್ಪವನ್ನು ಹೆಚ್ಚಿಸುತ್ತದೆ.

ನಿಧಾನವೇ ಸರಿ (ಯಲಹಂಕ)

ಎಲ್ಲರೂ ವಿನೈಲ್ ಸೆಟ್ಟನ್ನು ತಳ್ಳಿಹಾಕಿದ್ದೀರಿ. ಹಣ ಹೊಂದಿಸುವುದು ಕಷ್ಟವಿರುವವರು ಏನು ಮಾಡಬೇಕು? ಏನೂ ಮಾಡದೆ ಇರುವುದಕ್ಕಿಂತ ಅದೇ ಮೇಲಲ್ಲವೇ?

ಎರಕದ ಕೆಲಸ (ಪೀಣ್ಯ)

ನ್ಯಾಯವಾದ ಪ್ರಶ್ನೆ. ಹಣ ಕಡಿಮೆಯಿದ್ದರೆ ಮೂರರ ಸೆಟ್ಟಿನ ಬದಲು ಒಂದೇ ಒಂದು ಸರಿಯಾದ ತೂಕದ ಬೀಡಿನ ಕೆಟಲ್‌ಬೆಲ್ ಕೊಳ್ಳಿ. ಬೆಲೆಯನ್ನು ಒಂದು ಕೆ.ಜಿ.ಗೆ ಎಷ್ಟು ಬಿತ್ತು ಎಂದು ಭಾಗಿಸಿ ನೋಡಿ, ಸಾಗಣೆ ಖರ್ಚನ್ನೂ ಸೇರಿಸಿ. ಅಗ್ಗವೆಂದು ಕಾಣುವ ಸೆಟ್ಟು ಎಷ್ಟೋ ಸಲ ಅಗ್ಗವಾಗಿರುವುದಿಲ್ಲ. ಬಳಸಿದ್ದನ್ನು ಕೊಳ್ಳುವುದೂ ಒಳ್ಳೆಯ ದಾರಿ. ಗಟ್ಟಿ ಬೀಡಿನಲ್ಲಿ ಹಾಳಾಗುವುದು ಲೇಪನ ಮಾತ್ರ. ಮೇಲೆ ತುಕ್ಕು ಹಿಡಿದಿದ್ದರೆ ತಂತಿ ಬ್ರಷ್‌ನಿಂದ ಉಜ್ಜಿ, ಒರೆಸಿ, ಗುಂಡಿಗೆ ಬಣ್ಣ ಹೊಡೆದು, ಹಿಡಿಗೆ ತೆಳುವಾಗಿ ಎಣ್ಣೆ ಸವರಿ ಒಣಬಟ್ಟೆಯಿಂದ ತೆಗೆದರೆ ಹೊಸದೇ. ಹಿಡಿಯ ಬುಡದಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಬೇಡ. ಮಳೆಗಾಲದಲ್ಲಿ ಬಾಲ್ಕನಿಯಲ್ಲಿ ಇಡಬೇಡಿ.

ಸಂಜೆನಡಿಗೆ (ವಿಜಯನಗರ)

ನಿನ್ನೆ ನಾವಿಬ್ಬರೂ ಬೇರೊಂದು ಅಂಗಡಿಗೆ ಹೋಗಿ, ಎರಕದವರು ಹೇಳಿದಂತೆ ದುಪಟ್ಟಾದ ಅಂಚನ್ನು ಹಿಡಿಗೆ ಸುತ್ತಿ ಎಳೆದು ನೋಡಿದೆವು. ಮೊದಲು ತೋರಿಸಿದ 12 ಕೆ.ಜಿ.ಯದರಲ್ಲಿ ಬಲಗಡೆಯ ಮೂಲೆಯ ಒಳಭಾಗದಲ್ಲಿ ನೂಲು ಸಿಕ್ಕಿಕೊಂಡಿತು. ಅದೇ ಸಾಲಿನ ಇನ್ನೊಂದರಲ್ಲಿ ಸರಾಗವಾಗಿ ಜಾರಿತು. ಅಂಗಡಿಯವರೂ ಬಂದು ಬೆರಳಾಡಿಸಿ ನೋಡಿ, ಸಿಕ್ಕಿಕೊಂಡದ್ದನ್ನು ಪಕ್ಕಕ್ಕೆ ತೆಗೆದಿಟ್ಟರು. ಪೌಡರ್ ಕೋಟಿಂಗ್ ಇರುವ 8, 12, 16 ಮೂರನ್ನೂ ತೂಗಿಸಿ, ಹಿಡಿಗೆ ಎರಡೂ ಕೈ ಹಾಕಿ ನೋಡಿ ತಂದಿದ್ದೇವೆ. ರಬ್ಬರ್ ಹಾಸನ್ನೂ ತಂದಾಯಿತು. ಅತ್ತೆಯವರನ್ನು ಶನಿವಾರ ವೈದ್ಯರ ಬಳಿ ಕರೆದುಕೊಂಡು ಹೋಗುತ್ತೇವೆ. ಕೊನೆಯದಾಗಿ ಒಂದು ಪ್ರಶ್ನೆ: ನಾನು 12ರಿಂದ 16ಕ್ಕೆ ಯಾವಾಗ ಹೋಗಬಹುದು?

ತಾರಸಿ ತಾಲೀಮು (ಬಸವನಗುಡಿ)

ಒಳ್ಳೆಯ ಆಯ್ಕೆ. ಮೊದಲು ಕೆಲವು ವಾರ ಡೆಡ್‌ಲಿಫ್ಟ್ ಮಾತ್ರ ಮಾಡಿ, ಸೊಂಟ ಮಡಿಸುವುದು ಅಭ್ಯಾಸವಾದ ಮೇಲೆ ಸ್ವಿಂಗ್‌ಗೆ ಬನ್ನಿ; ಸಾಧ್ಯವಾದರೆ ತಿಳಿದವರೊಬ್ಬರ ಎದುರು ಒಂದೆರಡು ಬಾರಿ ಮಾಡಿ ತಿದ್ದಿಸಿಕೊಳ್ಳಿ. 12 ಕೆ.ಜಿ.ಯಲ್ಲಿ ಹತ್ತರಂತೆ ಹತ್ತು ಸುತ್ತು ಸ್ವಿಂಗ್‌ಗಳನ್ನು, ಪ್ರತಿ ಸುತ್ತಿನ ನಡುವೆ ಮಾತನಾಡುವಷ್ಟು ಉಸಿರು ಮರಳುವವರೆಗೆ ನಿಂತು, ಕೊನೆಯ ಸುತ್ತೂ ಮೊದಲನೆಯದರಷ್ಟೇ ಚುರುಕಾಗಿ ಮುಗಿಸಲು ಸಾಧ್ಯವಾದರೆ, ಮರುದಿನ ಕೆಳಬೆನ್ನಿನಲ್ಲಿ ಬಿಗಿತವಿಲ್ಲದೆ ನಿತಂಬ ಮತ್ತು ತೊಡೆಯ ಹಿಂಭಾಗದಲ್ಲಿ ಮಾತ್ರ ದಣಿವು ಇದ್ದರೆ, 16 ಎತ್ತಿಕೊಳ್ಳಬಹುದು. ಮೊದಲ ದಿನವೇ ಹತ್ತೂ ಸುತ್ತು ಅದರಲ್ಲೇ ಬೇಡ. ಎರಡು ಸುತ್ತು 16ರಲ್ಲಿ, ಉಳಿದದ್ದು 12ರಲ್ಲಿ ಮಾಡಿ, ವಾರ ಕಳೆದಂತೆ ಒಂದೊಂದು ಸುತ್ತು ಬದಲಿಸುತ್ತ ಹೋಗಿ. ಪ್ರೆಸ್ ಮಾತ್ರ 8ರಲ್ಲೇ ಮುಂದುವರಿಯಲಿ, ಅದಕ್ಕೆ ಅವಸರವಿಲ್ಲ.